ಗಡಿಯಾಚೆಯ ದಂಡನೀತಿ

2025ನೆಯ ಇಸವಿ ಮೇ 7ರ ಸಾಯಂಕಾಲ ನಮ್ಮ ಬೀದಿಯ ಹುಡುಗರು ಪಟಾಕಿ ಹಾರಿಸಿದರು. ಅಂದು ನಡುರಾತ್ರಿ ಕಳೆದ ಮೇಲೆ ನಮ್ಮ ಸೇನೆಯು ಪಾಕಿಸ್ತಾನದಲ್ಲಿಯೂ ಅದರ ವಶದಲ್ಲಿರುವ ಕಾಶ್ಮೀರದಲ್ಲಿಯೂ ಒಂಬತ್ತು ಸ್ಥಳಗಳ ಮೇಲೆ ಪ್ರಹಾರ ಮಾಡಿತ್ತು. ಅದಕ್ಕೆ ಮುನ್ನ, ಏಪ್ರಿಲ್ 22ರಂದು, ಪಹಲ್ಗಾಮಿನಲ್ಲಿ ಉಗ್ರಗಾಮಿಗಳು 26 ಮಂದಿ ನಿರಾಯುಧರನ್ನು ಕೊಂದಿದ್ದರು. ಮೃತರಲ್ಲಿ ಕನ್ನಡನಾಡಿನವರೂ ಇದ್ದರು. ಆ ವಾರ್ತೆಯಿಂದ ಕುದಿಯುತ್ತಿದ್ದ ನಾನೂ ಜಗಲಿಯ ಮೇಲೆ ನಿಂತು ಹುಡುಗರಿಗೆ ‘ಭೇಷ್’ ಎಂದೆನೆಂಬುದನ್ನು ವಾಚಕರಲ್ಲಿ ಮುಚ್ಚಿಡಲಾರೆನು.

ಅಷ್ಟರಲ್ಲಿ ಎದುರುಮನೆಯ ತಾಯಿ ಬಂದರು. ಅವರ ಮಗನು ನನ್ನ ಶಿಷ್ಯ. ಈಗ ಗಡಿಯಲ್ಲಿ ಸೈನಿಕ. “ಮೇಷ್ಟ್ರೇ, ಇದು ಎಂದಿಗೆ ಮುಗಿಯುತ್ತದೆ?” ಎಂದು ಆಕೆ ಕೇಳಿದರು. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಹಾಕಿ ಬದುಕಿದ ನನಗೆ ಆ ಒಂದು ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.

ಪ್ರಜಾರಕ್ಷಣೆಯು ರಾಜಧರ್ಮದ ಮೊದಲ ಮಾತು. ನೆರೆಯವನು ಕೊಳ್ಳಿ ಹಿಡಿದವನಿಗೆ ತನ್ನ ಹಿತ್ತಿಲಲ್ಲಿ ಎಡೆಗೊಟ್ಟು, ತಾನೂ ತಡೆಯದೆ, ಪರರಿಗೂ ಒಪ್ಪಿಸದೆ ಇದ್ದಲ್ಲಿ, ಬೇಲಿಯನ್ನು ದಾಟಲಾರೆವೆಂದು ಕೈಕಟ್ಟಿ ಕುಳಿತುಕೊಳ್ಳುವುದು ಕರ್ತವ್ಯಲೋಪವೇ ಸರಿ. ವಿಶ್ವಸಂಸ್ಥೆಯ ಸನ್ನದಿನ 51ನೆಯ ವಿಧಿಯೂ ಆತ್ಮರಕ್ಷಣೆಯ ಹಕ್ಕನ್ನು ಮನ್ನಿಸಿದೆ. ಅನ್ಯರಾಜ್ಯದ ನೆಲದಲ್ಲಡಗಿದ ಉಗ್ರಗಾಮಿಗಳ ವಿಷಯದಲ್ಲಿ ಅದು ಎಷ್ಟರಮಟ್ಟಿಗೆ ಅನ್ವಯಿಸುವುದೆಂಬಲ್ಲಿ ಮಾತ್ರ ವಿದ್ವಾಂಸರಲ್ಲಿ ಐಕಮತ್ಯವಿಲ್ಲ.

ಆದರೆ ಹಕ್ಕು ಇದ್ದಮಾತ್ರಕ್ಕೆ ವಿವೇಕವೂ ಇದೆಯೆಂದಾಗದು. ಕೌಟಿಲ್ಯನನ್ನು ಯುದ್ಧಪ್ರಿಯನೆಂದು ಬಗೆಯುವವರುಂಟು. ಅವನಾದರೋ ಅರ್ಥಶಾಸ್ತ್ರದ ಏಳನೆಯ ಅಧಿಕರಣದಲ್ಲಿ, ಸಂಧಿವಿಗ್ರಹಗಳೆರಡರಿಂದಲೂ ಸಮನಾದ ಏಳಿಗೆಯೇ ದೊರೆಯುವಂತಿದ್ದರೆ ಸಂಧಿಯನ್ನೇ ಆಯ್ದುಕೊಳ್ಳಬೇಕೆಂದು ವಿಧಿಸುತ್ತಾನೆ. ವಿಗ್ರಹದಲ್ಲಿ ಕ್ಷಯ, ವ್ಯಯ, ಪ್ರವಾಸ ಮೊದಲಾದ ಕಷ್ಟಗಳು ತಪ್ಪವೆಂಬುದು ಅವನು ಕೊಡುವ ಕಾರಣ. ಜನದ ನಷ್ಟವು ಕ್ಷಯ, ಧನಧಾನ್ಯಗಳ ನಷ್ಟವು ವ್ಯಯ, ಮನೆ ಬಿಟ್ಟು ದೂರವಿರುವುದು ಪ್ರವಾಸ. ಪಾಠಶಾಲೆಯಲ್ಲಿ ಈ ಶಬ್ದಗಳ ಸಮಾಸವನ್ನು ಬಿಡಿಸಿದ್ದೆನೇ ಹೊರತು ಅವುಗಳ ಮುಖವನ್ನು ಕಂಡಿರಲಿಲ್ಲ. ಆ ತಾಯಿಯ ಪ್ರಶ್ನೆಯಲ್ಲಿ ಪ್ರವಾಸವನ್ನು ಕಂಡೆನು. ಪೂಂಛಿನಲ್ಲಿ ಪಾಕಿಸ್ತಾನದ ಶೆಲ್ಲುಗಳಿಗೆ ಮಕ್ಕಳೂ ಬಲಿಯಾದ ವಾರ್ತೆಯಲ್ಲಿ ಕ್ಷಯವನ್ನು ಕಂಡೆನು. ತನ್ನ ಕಡೆಯಲ್ಲಿಯೂ ಮಕ್ಕಳು ಸತ್ತರೆಂದು ಪಾಕಿಸ್ತಾನವು ಹೇಳಿತು. ಹೊಡೆತದ ಸಂತೋಷವು ದೂರದ ಬೀದಿಯ ನಮಗೆ. ಮರುಹೊಡೆತವು ಗಡಿಯ ಹಳ್ಳಿಗಳಿಗೆ.

ಇಲ್ಲಿ ಇನ್ನೊಂದು ಗಡಿಯ ವೃತ್ತಾಂತವು ನೆನಪಿಗೆ ಬರುತ್ತದೆ. ಅಸ್ಸಾಮು ಮತ್ತು ಉತ್ತರ ಬಂಗಾಳದ ಮೂರು ಸಶಸ್ತ್ರ ಪಂಗಡಗಳು ದಕ್ಷಿಣ ಭೂತಾನದ ಕಾಡುಗಳಲ್ಲಿ ಬೀಡುಬಿಟ್ಟು ಭಾರತದೊಳಕ್ಕೆ ನುಗ್ಗುತ್ತಿದ್ದವು, ಉಲ್ಫಾ ಅವುಗಳಲ್ಲೊಂದು. ಹೊರಟುಹೋಗಿರೆಂದು ಭೂತಾನದ ಸರಕಾರವು ವರ್ಷಗಟ್ಟಲೆ ಮಾತುಕತೆ ನಡೆಸಿತು. ಅದು ಫಲಿಸದಿರಲು 2003ನೆಯ ಇಸವಿ ಡಿಸೆಂಬರ್ 15ರಂದು ತನ್ನ ಸೈನ್ಯವನ್ನೇ ಕಳುಹಿಸಿ ಸುಮಾರು 30 ಬೀಡುಗಳನ್ನು ಕಿತ್ತುಹಾಕಿತು. ಭಾರತದ ಸೇನೆಯು ಗಡಿಯ ಈಚೆಯಲ್ಲಿಯೇ ಕಾವಲು ನಿಂತಿತು. ಅನಂತರ ದೋಚುಲಾ ಎಂಬ ಕಣಿವೆಯ ಹಾದಿಯಲ್ಲಿ, ಆ ಸಮರದಲ್ಲಿ ಮಡಿದವರ ಸ್ಮರಣೆಗಾಗಿ 108 ಸ್ತೂಪಗಳು ಎದ್ದವು. ಆ ಸ್ತೂಪಗಳನ್ನು ನೆನೆದಾಗ ನಮ್ಮ ಬೀದಿಯ ಪಟಾಕಿಯೂ ನನ್ನ ‘ಭೇಷ್’ ಶಬ್ದವೂ ನನ್ನನ್ನು ನಾಚಿಸುತ್ತವೆ.

ನೆರೆಯವರೆಲ್ಲರೂ ಭೂತಾನದಂಥವರಲ್ಲವೆಂಬ ಆಕ್ಷೇಪವು ನ್ಯಾಯವಾದುದೇ. ಆದುದರಿಂದ ನಾನು ಹೇಳುವುದಿಷ್ಟು: ಉಗ್ರಗಾಮಿಗಳನ್ನು ನೆರೆಯವನ ಕೈಯಿಂದಲೇ ಅಡಗಿಸುವುದು ಉತ್ತಮ, ಅವನೊಡಗೂಡಿ ಅಡಗಿಸುವುದು ಮಧ್ಯಮ, ಅವನ ಬಾಗಿಲನ್ನು ಒಡೆದು ಅಡಗಿಸುವುದು ಅಧಮ. ಅಧಮವೂ ಒಂದು ಉಪಾಯವೇ. ಗತ್ಯಂತರವಿಲ್ಲದಾಗ ವೈದ್ಯನು ಶಸ್ತ್ರವನ್ನು ಹಿಡಿಯುವನು. ಆದರೆ ಎಷ್ಟು ಕೊಯ್ಯಬೇಕು, ಎಲ್ಲಿ ನಿಲ್ಲಿಸಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿರುವನು.

ಮೇ 10ರಂದು ಕದನವು ನಿಂತಿತು. ಕೆಲವು ತಿಂಗಳ ಮೇಲೆ ಶಿಷ್ಯನು ರಜೆಯಲ್ಲಿ ಬಂದು ನಮಸ್ಕರಿಸಿದನು. ಅವನ ತಾಯಿ ನನ್ನ ಉತ್ತರಕ್ಕಾಗಿ ಕಾಯಲಿಲ್ಲ; ಮಗನಿಗೆ ಬಡಿಸುವ ಸಡಗರದಲ್ಲಿದ್ದರು. ಮುದಿ ಉಪಾಧ್ಯಾಯನಿಗೆ ಉತ್ತರ ತಿಳಿಯದಿದ್ದರೆ ಹಾನಿಯಿಲ್ಲ. ಸೇನೆಯನ್ನು ಗಡಿ ದಾಟಿಸುವ ಸರಕಾರವು ಮಾತ್ರ, ದಾಟಿಸುವ ಮುನ್ನವೇ, ಆ ತಾಯಿಗೆ ಹೇಳಬಹುದಾದ ಉತ್ತರವನ್ನು ಕಂಡುಕೊಂಡಿರಬೇಕು.