ಜಾಲತಾಣದ ಅಕ್ಷರಗಳು ಓದುವಂತಿರಲಿ

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯು ಸಮುದ್ರಮಟ್ಟದಿಂದ 1434 ಮೀಟರ್ ಎತ್ತರದ ಗಿರಿಧಾಮ. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅದು ಬೇಸಿಗೆಯ ವಿಶ್ರಾಂತಿಯ ತಾಣವಾಗಿತ್ತು. ಅದರ ಸಮೀಪದಲ್ಲೇ ಕಲ್ಲತ್ತಿಗಿರಿಯ ಜಲಪಾತವೂ ವೀರಭದ್ರಸ್ವಾಮಿಯ ಗುಡಿಯೂ ಇರುವುದರಿಂದ ನಮ್ಮ ಕಡೆಯ ಕುಟುಂಬಗಳವರು ಅಲ್ಲಿಗೆ ಹೋಗಿಬರುವುದು ವಾಡಿಕೆ. ಹಿಂದೆ ಹೊರಡುವ ಮುನ್ನ ಲಿಂಗದಹಳ್ಳಿಯ ನೆಂಟರಿಗೆ ಕಾಗದ ಬರೆದು ವಿಚಾರಿಸುತ್ತಿದ್ದೆವು. ಈಗ ಮೊಬೈಲಿನಲ್ಲಿ ನೋಡಿಕೊಂಡು ಹೊರಡುವುದೇ ರೂಢಿಯಾಗಿದೆ.

ನಮ್ಮ ಬಳಗದ ಇಬ್ಬರು ತರುಣರು ಈ ಸ್ಥಳಗಳಿಗೆ ಬರುವವರ ಅನುಕೂಲಕ್ಕೆಂದು ಒಂದು ಜಾಲತಾಣವನ್ನು ಸಿದ್ಧಪಡಿಸಿ ಮನೆಯವರೆಲ್ಲರ ಮುಂದಿಟ್ಟರು. ತೆರೆಯ ತುಂಬ ಮಂಜು ಕವಿದ ಬೆಟ್ಟದ ಚಿತ್ರ. ಅದರ ಮೇಲೆಯೇ ತೆಳುವಾದ ಬಿಳಿಯ ಅಕ್ಷರಗಳು. ಎಡದಿಂದ ಬಲಕ್ಕೆ ಓಡುವ ಶೀರ್ಷಿಕೆ. ಬಸ್ಸಿನ ವೇಳೆ ಯಾವುದೋ ಮೂಲೆಯಲ್ಲಿ. ದಿನವೂ ಕನ್ನಡಕ ಹಾಕಿಕೊಂಡು ಪುಸ್ತಕ ಓದುವ ನಮ್ಮ ದೊಡ್ಡಮ್ಮನವರು ಅದನ್ನು ಬಹಳ ಹೊತ್ತು ನೋಡಿ, “ಬೆಟ್ಟ ಚೆನ್ನಾಗಿದೆಯಪ್ಪ, ಬಸ್ಸು ಎಷ್ಟು ಗಂಟೆಗೆ ಅಂತ ಎಲ್ಲಿ ಬರೆದಿದ್ದೀರಿ?” ಎಂದರು. “ಬೆರಳಲ್ಲಿ ಹಿಗ್ಗಿಸಿ ಅಜ್ಜಿ” ಎಂದು ಹುಡುಗ ತೋರಿಸಿಕೊಟ್ಟ. ಹಿಗ್ಗಿಸಿದಾಗ ಸಾಲಿನ ಅರ್ಧಭಾಗ ತೆರೆಯ ಹೊರಗೆ ಹೋಯಿತು. ಕನ್ನಡ ಅಂಕಿಯಲ್ಲಿದ್ದ ವೇಳೆ ೬ ಗಂಟೆಯೋ ೯ ಗಂಟೆಯೋ ಎಂಬುದು ಅಲ್ಲಿದ್ದ ನಾಲ್ವರಿಗೂ ತಿಳಿಯಲಿಲ್ಲ. ಘಟ್ಟದ ಕೆಳಗೆ ಮಕ್ಕಳುಮರಿಗಳೊಡನೆ ಬಸ್ಸಿಗಾಗಿ ಮೂರು ಗಂಟೆ ಕಾಯಬೇಕಾಗಿ ಬಂದವರಿಗೆ ಇದು ಸಣ್ಣ ಸಂಗತಿಯಲ್ಲ.

ತರುಣರ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲವೆಂಬುದನ್ನು ಹೇಳಲೇಬೇಕು. ಅವರು ಬಳಸಿದ ಸಿದ್ಧಮಾದರಿಯು ಇಂಗ್ಲಿಷಿಗಾಗಿ ರಚಿತವಾದುದು. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕದಲ್ಲೊಂದು ನಿಲ್ಲುತ್ತವೆ. ಕನ್ನಡಕ್ಕೆ ಕೆಳಗಡೆಯೂ ಜಾಗ ಬೇಕು. ಒತ್ತಕ್ಷರಗಳು ಅಲ್ಲಿಯೇ ಇಳಿಯುತ್ತವೆ, ಮೇಲೆ ಗುಡಿಸು ಏರುತ್ತದೆ. ಇಂಗ್ಲಿಷಿನ ಅಳತೆಯಲ್ಲಿ ಸಾಲುಗಳನ್ನು ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಕಡಿಮೆಯಿಲ್ಲದ ಅಂತರವನ್ನು ಸಾಲಿನಿಂದ ಸಾಲಿಗೆ ಕೊಟ್ಟರೆ ಕಣ್ಣಿಗೆ ಹಿತ. ಇನ್ನು ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ಭೇದ ಒಂದು ಸಣ್ಣ ಗೆರೆಯದು. ಅಕ್ಷರ ತೀರ ತೆಳುವಾಗಿ ಕಿರಿದಾದರೆ ಆ ಗೆರೆ ಅಳಿಸಿಹೋಗಿ ‘ಧನ’ವೆಂಬುದು ‘ದನ’ವಾಗಿ ಕಾಣುತ್ತದೆ. ಮಠದ ದೇಣಿಗೆಯ ಪಟ್ಟಿಯಲ್ಲಿ ಹೀಗಾದರೆ ನಗಬೇಕೋ ಅಳಬೇಕೋ!

ಚಿತ್ರದ ಮೇಲೆ ಬರಹವೇಕೆ ಎಂಬ ಪ್ರಶ್ನೆಗೆ ನಮ್ಮ ತಾಲ್ಲೂಕಿನಲ್ಲೇ ಒಂದು ಹಳೆಯ ಉತ್ತರವಿದೆ. ತರೀಕೆರೆಗೆ ಸಮೀಪದ ಅಮೃತಪುರದಲ್ಲಿ ಹೊಯ್ಸಳ ಎರಡನೆಯ ಬಲ್ಲಾಳನ ಕಾಲಕ್ಕೆ, 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಕವಿ ಜನ್ನನು ರಚಿಸಿದ ಪದ್ಯಗಳುಳ್ಳ ಶಾಸನವೊಂದು ಅಲ್ಲಿದೆ. ಆ ಕಾಲದ ಶಾಸನಗಳಲ್ಲಿ ಸಾಮಾನ್ಯವಾಗಿ ಲಿಂಗ, ಹಸು-ಕರು, ಸೂರ್ಯಚಂದ್ರರ ಶಿಲ್ಪಗಳು ಕಲ್ಲಿನ ನೆತ್ತಿಯಲ್ಲಿರುತ್ತವೆ. ಅದರ ಕೆಳಗೆ ನುಣುಪು ಮಾಡಿದ ಜಾಗದಲ್ಲಿ ನೇರ ಸಾಲುಗಳಲ್ಲಿ ಬರಹ. ಶಿಲ್ಪದ ಮೇಲೆ ಅಕ್ಷರ ಕೊರೆದವರಿಲ್ಲ. ಶಿಲ್ಪದಲ್ಲಿ ಹೊಯ್ಸಳರಷ್ಟು ಅಲಂಕಾರಪ್ರಿಯರು ಬೇರೆ ಯಾರಿದ್ದಾರೆ? ಅವರೇ ಬರಹದ ಜಾಗವನ್ನು ಬರಿದಾಗಿ ಬಿಟ್ಟರೆಂಬುದನ್ನು ನಾವು ತರುಣರಿಗೆ ಹೇಳಿದೆವು. ಈ ಮಾತು ಅವರ ಮನಸ್ಸಿಗೆ ನಾಟಿತು.

ಫಾಂಟಿನ ವಿಷಯದಲ್ಲಿ ಮತ್ತೊಂದು ತೊಡಕಿತ್ತು. ಗುಡಿಯ ಸ್ಥಳಪುರಾಣವನ್ನು ಅವರು ಹಳೆಯ ಕಂಪ್ಯೂಟರಿನಿಂದ ತಂದಿದ್ದರು. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿರುತ್ತಾರೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಪುಟವೆಲ್ಲ ಅರ್ಥವಿಲ್ಲದ ಚಿಹ್ನೆಗಳು. 1991ರಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಸ್ಥಾನವಿದೆ. ಬರಹವನ್ನು ಅದಕ್ಕೆ ಪರಿವರ್ತಿಸಿ, ಉಚಿತವಾಗಿ ದೊರೆಯುವ ನೋಟೋ ಸಾನ್ಸ್ ಕನ್ನಡದಂತಹ ಸರಳ ಫಾಂಟನ್ನು ಬಳಸಿದರೆ ಸಾಕು. ಇವರು ಈ ತೊಡಕನ್ನು ತಪ್ಪಿಸಲು ಬರಹವನ್ನು ಚಿತ್ರವನ್ನಾಗಿ ಹಾಕಿದ್ದರು. ಅದು ಸರಿಯಾದ ಉಪಾಯವಲ್ಲ. ದೃಷ್ಟಿಯಿಲ್ಲದವರಿಗಾಗಿ ತೆರೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಅಂತಹ ಚಿತ್ರ ಮೂಕ. ಹುಡುಕಿದರೆ ಅದರೊಳಗಿನ ಹೆಸರು ಸುಲಭವಾಗಿ ಸಿಗುವುದಿಲ್ಲ. ಬೆಟ್ಟದ ತಿರುವುಗಳಲ್ಲಿ ಸಂಕೇತ ಕ್ಷೀಣವಾದಾಗ ಅದು ತೆರೆಯುವುದೂ ನಿಧಾನ. ನಮ್ಮ ಸಮಾಜದ ಸಭೆಯ ಆಹ್ವಾನಗಳೂ ಈಗ ಇದೇ ರೀತಿ ಚಿತ್ರರೂಪದಲ್ಲಿ ಬರುತ್ತಿರುವುದನ್ನು ವಾಚಕರು ಗಮನಿಸಿರಬಹುದು.

ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1ರಷ್ಟಿರಬೇಕೆಂದು ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬಿಳಿಯ ಮೇಲೆ ಕಪ್ಪು ಇದನ್ನು ಸುಲಭವಾಗಿ ದಾಟುತ್ತದೆ. ನಮ್ಮವರಿಗೆ ಪ್ರಿಯವಾದ ಕಾವಿಯ ಮೇಲಿನ ಹಳದಿ ದಾಟುವುದು ಕಷ್ಟ.

ತರುಣರು ಪುಟವನ್ನು ಹೊಸದಾಗಿ ಕಟ್ಟಿದ್ದಾರೆ. ಒಂದೇ ಕಂಬಸಾಲು, ಮೊದಲಿಗೆ ಬಸ್ಸು, ರಸ್ತೆ, ವಸತಿ, ಆಮೇಲೆ ಸ್ಥಳಪುರಾಣ. ಓಡುವ ಶೀರ್ಷಿಕೆ ಈಗ ನಿಂತಿದೆ. ಬೆಟ್ಟದ ಚಿತ್ರವೊಂದನ್ನು ಬಿಡಲು ಕಿರಿಯವನು ಒಪ್ಪಲಿಲ್ಲ, ಅದು ಪುಟದ ನೆತ್ತಿಯಲ್ಲಿದೆ. ಅಂಕಿಗಳ ವಿಷಯದಲ್ಲಿ ಮಾತ್ರ ಚರ್ಚೆ ಮುಗಿದಿಲ್ಲ. ಕನ್ನಡ ಅಂಕಿಗಳೇ ಇರಲೆಂಬುದು ದೊಡ್ಡಮ್ಮನವರ ಪಟ್ಟು. ಹಾಗಾದರೆ ವೇಳೆಯನ್ನು ‘ಬೆಳಿಗ್ಗೆ ಆರು’ ಎಂದು ಅಕ್ಷರದಲ್ಲಿಯೂ ಬರೆಯೋಣವೆಂದು ಹುಡುಗರು ಹೇಳುತ್ತಿದ್ದಾರೆ.