ಮಾರಿ ಮ್ಯಾಲಿನ ಮೊಡವಿ, ಅಡುಗೆಮನೆ ಡಬ್ಬಿ

ಕೃಷ್ಣಾ, ತುಂಗಭದ್ರಾ ಅಂತ ಎರಡೆರಡು ನದಿ ನಡುವೆ ಇದ್ರೂ ನಮ್ಮ ರಾಯಚೂರು ಹೆಸರಾಗಿರೋದು ಬಿಸಿಲಿಗೆ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಅಂದ್ರೆ ನಮಗೆ ಸುದ್ದಿಯೇ ಅಲ್ಲ. ಬೆವರು, ಧೂಳು, ಜೊತೆಗೆ ಹದಿನಾರರ ವಯಸ್ಸು. ಮಾರಿ ಮ್ಯಾಲೆ ಮೊಡವಿ ಏಳದೆ ಇನ್ನೇನು ಎದ್ದೀತು ಹೇಳಿ? ದೇವದುರ್ಗ ತಾಲೂಕಿನ ನಮ್ಮ ಹಳ್ಳಿಯಿಂದ ಬಸ್ಸಿಗೆ ಜೋತು ಬಿದ್ದು ಕಾಲೇಜಿಗೆ ಹೋಗ್ತಿದ್ದ ದಿನಗಳಲ್ಲಿ ನನಗೂ ಎದ್ದಿದ್ವು.

ಮೊಡವಿ ಎದ್ದವರಿಗೆ ಊರೆಲ್ಲಾ ಡಾಕ್ಟರೇ. “ಉಷ್ಣ ಆಗ್ಯಾದ, ಮಜ್ಜಿಗಿ ಕುಡಿ” ಅಂತ ಒಬ್ಬರು. “ಮೊದ್ಲು ಮಿರ್ಚಿ ಬಿಡು” ಅಂತ ಇನ್ನೊಬ್ಬರು. ರಾಯಚೂರಿನವರಿಗೆ ಒಗ್ಗರಣಿ-ಮಿರ್ಚಿ ಬಿಡು ಅನ್ನೋದು ಊರು ಬಿಡು ಅಂದಂಗೆ! ಸಮಾಧಾನದ ವಿಷಯ ಅಂದ್ರೆ, ಕರಿದದ್ದು ತಿಂದ್ರೆ ಮೊಡವಿ ಬರುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಕೆಲವರಿಗೆ ಸಕ್ಕರೆ, ಮೈದಾ ಜಾಸ್ತಿಯಾದ್ರೆ ಹೆಚ್ಚಾಗುತ್ತೆ ಅನ್ನೋದಕ್ಕೆ ಮಾತ್ರ ಸ್ವಲ್ಪ ಆಧಾರ ಇದೆ.

ಮೊಡವಿ ಯಾಕೆ ಬರುತ್ತೆ ಅನ್ನೋದನ್ನ ಸರಳವಾಗಿ ಹೇಳಿಬಿಡ್ತೀನಿ. ಹರೆಯದಲ್ಲಿ ಹಾರ್ಮೋನು ಏರಿದಾಗ ಚರ್ಮದ ಎಣ್ಣೆ ಗ್ರಂಥಿಗಳು ಜೋರಾಗಿ ಕೆಲಸ ಮಾಡ್ತವೆ. ಆ ಎಣ್ಣೆ ಮತ್ತು ಸತ್ತ ಚರ್ಮ ಸೇರಿ ರಂಧ್ರ ಕಟ್ಟಿಕೊಳ್ಳುತ್ತೆ, ಒಳಗೆ ಬ್ಯಾಕ್ಟೀರಿಯಾ ಬೆಳೀತವೆ, ಕೆಂಪಗೆ ಊದಿಕೊಳ್ಳುತ್ತೆ. ಅಂದ್ರೆ ಇದು ಗಲೀಜಿನ ರೋಗ ಅಲ್ಲ. ದಿನಕ್ಕೆ ಹತ್ತು ಸಲ ಸೋಪು ಹಚ್ಚಿ ತಿಕ್ಕಿದ್ರೆ ಚರ್ಮ ಸುಲೀತದ ಹೊರತು ಮೊಡವಿ ಹೋಗಂಗಿಲ್ಲ. ಎರಡು ಸಲ ತೊಳೆದ್ರೆ ಸಾಕು.

ಈಗ ಅಡುಗೆಮನೆಗೆ ಬನ್ನಿ. ಕಡ್ಲಿಹಿಟ್ಟಿಗೆ ಒಂದು ಚಮಚ ಮೊಸರು ಕಲಸಿ ಹಚ್ಚಿ, ಪೂರ್ತಿ ಒಣಗೋಕೆ ಮುಂಚೆ ತೊಳೀಬೇಕು. ಎಣ್ಣೆ ತೆಗೀತದೆ, ಖರ್ಚು ಐದು ರೂಪಾಯಿ ಒಳಗೆ. ವಾರಕ್ಕೆ ಎರಡು ಸಲ ಸಾಕು. ಅರಿಷಿಣ ಒಂದು ಚಿಟಿಕೆ ಹಾಕಬಹುದು, ಆದ್ರೆ ಕೊಂಬು ತಂದು ಕುಟ್ಟಿಸಿದ್ದು ಇರಲಿ. ಸಡಿಲ ಪುಡಿಗೆ ಮೆಟಾನಿಲ್ ಯೆಲ್ಲೋ ಅನ್ನೋ ಬಣ್ಣ ಬೆರೆಸೋದು ಹಳೇ ಧಂದೆ. ಲೋಳಸರದ ಲೋಳೆ ಬಿಸಿಲಿಗೆ ಸುಟ್ಟ ಚರ್ಮಕ್ಕೆ ತಂಪು. ಆದ್ರೆ ಎಲೆ ಕೊಯ್ದಾಗ ಸುರಿಯೋ ಹಳದಿ ರಸವನ್ನ ಮೊದಲು ಸೋರಿಸಿಬಿಡಿ, ಅದು ಕೆಲವರಿಗೆ ತುರಿಕೆ ತರುತ್ತೆ.

ನಿಂಬೆಹಣ್ಣು ಮಾತ್ರ ಬ್ಯಾಡ. ಚರ್ಮದ ಪಿಎಚ್ ಸುಮಾರು 5, ನಿಂಬೆ ರಸದ್ದು ಸುಮಾರು 2. ಮೂರೇ ಅಂಕಿ ವ್ಯತ್ಯಾಸ ಅನ್ನಿಸಬಹುದು. ಆದ್ರೆ ಪಿಎಚ್‌ನಲ್ಲಿ ಒಂದು ಅಂಕಿ ಅಂದ್ರೆ ಹತ್ತು ಪಟ್ಟು, ಮೂರು ಅಂದ್ರೆ ಸಾವಿರ ಪಟ್ಟು ಹುಳಿ! ಅದನ್ನ ಹಚ್ಚಿಕೊಂಡು ನಮ್ಮ ಬಿಸಿಲಿಗೆ ಹೋದ್ರೆ ಚರ್ಮ ಸುಟ್ಟು ಕಪ್ಪು ಕಲೆ ಉಳೀತದೆ. ಟೂತ್‌ಪೇಸ್ಟ್, ಅಡುಗೆ ಸೋಡಾ ಕೂಡ ಮುಖದ ಸಾಮಾನಲ್ಲ. ಕೊಬ್ಬರಿ ಎಣ್ಣೆ ಕೈಕಾಲಿಗೆ, ಒಡೆದ ಹಿಮ್ಮಡಿಗೆ ಛಲೋ. ಮೊಡವಿ ಇರೋ ಮುಖಕ್ಕೆ ಹಚ್ಚಿದ್ರೆ ರಂಧ್ರ ಇನ್ನಷ್ಟು ಕಟ್ಟುತ್ತೆ. ತಲೆಗೆ ಎಣ್ಣೆ ಸುರಿದು ಬಾಚಿಕೊಳ್ಳೋ ಹುಡುಗರಿಗೆ ಹಣೆ ತುಂಬಾ ಮೊಡವಿ ಯಾಕೆ ಅಂತ ಈಗ ಗೊತ್ತಾಯ್ತಲ್ಲ?

ಏನೇ ಹಚ್ಚೋದಿದ್ರೂ ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಟೆಸ್ಟ್ ಮಾಡದೆ ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಕೋಡ್ ಹಾಕೋರ ಗತಿ ಏನಾಗುತ್ತೆ ಅಂತ ನಮ್ಮ ಕಸುಬಿನೋರಿಗೆ ಗೊತ್ತು.

ಎಲ್ಲಕ್ಕಿಂತ ಅಗ್ಗದ ಮದ್ದು ನಮ್ಮ ಹತ್ತಿ ಹೊಲದಲ್ಲಿದೆ. ಹತ್ತಿ ಬಿಡಿಸೋಕೆ ಹೋಗೋ ಹೆಣ್ಮಕ್ಕಳು ಕಣ್ಣು ಬಿಟ್ಟು ಉಳಿದ ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಳ್ತಾರೆ. ಬೆಂಗಳೂರಿನ ನಮ್ಮ ಆಫೀಸಿನವರು ನೂರಾರು ರೂಪಾಯಿ ಸನ್‌ಸ್ಕ್ರೀನ್‌ನಿಂದ ಮಾಡೋ ಕೆಲಸದ ಬಹುಪಾಲನ್ನ ಆ ಹಳೇ ಬಟ್ಟೆ ಮಾಡುತ್ತೆ.

ಇಷ್ಟೆಲ್ಲಾ ಹೇಳೋಕೆ ಕಾರಣ ಮಾನ್ವಿಯಲ್ಲಿರೋ ನಮ್ಮ ಸೋದರಮಾವನ ಮಗಳು. ಗೋಧಿ ಬಣ್ಣದ ಹುಡುಗಿ, ಗಲ್ಲದ ಮೇಲೆ ನಾಲ್ಕು ಮೊಡವಿ, ಅಷ್ಟೇ. ಗಂಡಿನ ಕಡೆಯವರು ನೋಡೋಕೆ ಬರ್ತಾರೆ ಅಂತ ಯಾರೋ ಒಂದು ಟ್ಯೂಬಿನ ಹೆಸರು ಹೇಳಿದ್ರು. ಚೀಟಿ ಇಲ್ಲದೆ ಸಿಕ್ತು. ವಾರದೊಳಗೆ ಮೊಡವಿ ಮಾಯ, ಮುಖ ಬೆಳ್ಳಗೆ. ಮನೆಮಂದಿಗೆಲ್ಲ ಖುಷಿ. ನಾಲ್ಕು ತಿಂಗಳು ಹಚ್ಚಿದಳು. ಆಮೇಲೆ ಒಂದು ದಿನ ಹಚ್ಚದಿದ್ರೂ ಮುಖ ಉರಿ, ಕೆಂಪು, ಮೊದಲಿಗಿಂತ ಹತ್ತು ಪಟ್ಟು ಗುಳ್ಳೆ, ಗಲ್ಲದ ಮೇಲೆ ಕೂದಲು. “ಅಣ್ಣಾ, ಬಿಸ್ಲಿಗಿ ಹೋದ್ರ ಕೆಂಡ ಇಟ್ಟಂಗ ಆಗ್ತದ” ಅಂತ ಫೋನಿನಲ್ಲಿ ಅತ್ತಳು.

ಟ್ಯೂಬಿನ ಫೋಟೋ ತರಿಸಿ ಸಣ್ಣ ಅಕ್ಷರ ಓದಿದೆ. ಅದರಲ್ಲಿ ಸ್ಟೆರಾಯ್ಡ್ ಇತ್ತು. ಸ್ಟೆರಾಯ್ಡ್ ಕ್ರೀಮು ಕೆಟ್ಟದ್ದಲ್ಲ, ಇಸುಬಿನಂಥ ರೋಗಕ್ಕೆ ಡಾಕ್ಟರು ಲೆಕ್ಕ ಹಾಕಿ ಕೊಡೋ ಔಷಧಿ. ಅದನ್ನೇ ಮುಖಕ್ಕೆ ಸ್ನೋ ಹಂಗೆ ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳುವಾಗುತ್ತೆ, ರಕ್ತನಾಳ ಕಾಣಿಸ್ತವೆ, ಬಿಟ್ಟ ಕೂಡಲೇ ತಿರುಗಿ ಬೀಳುತ್ತೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೆರಾಯ್ಡ್‌ಗಳ ಮುಲಾಮನ್ನ ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಕಾಗದದ ಮೇಲೆ ಸರಿ, ಕೌಂಟರಿನಲ್ಲಿ ಈಗಲೂ ಕೇಳಿದ್ರೆ ಕೊಡೋರಿದ್ದಾರೆ. ರಾಯಚೂರಿನ ಚರ್ಮದ ಡಾಕ್ಟರ ಹತ್ತಿರ ಎಂಟು ತಿಂಗಳು ಓಡಾಡಿದ ಮೇಲೆ ಅವಳ ಮುಖ ಒಂದು ಹದಕ್ಕೆ ಬಂತು. ಆ ಸಂಬಂಧ ಆಗಲಿಲ್ಲ. ಅವಳು ಈಗ ಬಿ.ಎಡ್. ಓದ್ತಿದ್ದಾಳೆ, ಅದು ಬೇರೆ ಮಾತು.

ನಿಜ ಹೇಳಬೇಕಂದ್ರೆ ಅವಳಿಗೆ ಆ ಟ್ಯೂಬು ಕೊಡಿಸಿದ್ದು ಮೊಡವಿ ಅಲ್ಲ, ಬಣ್ಣದ ಆಸೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ “ಫೇರ್” ತೆಗೆದು ಗ್ಲೋ ಅಂಡ್ ಲವ್ಲಿ ಆಯ್ತು. ಡಬ್ಬಿ ಮೇಲಿಂದ ಹೋದ ಪದ ನಮ್ಮ ಹಿರಿಯರ ಬಾಯಿಂದ ಯಾವಾಗ ಹೋಗುತ್ತೋ!

ಮನೆಮದ್ದಿಗೂ ಒಂದು ಗಡಿ ಇದೆ. ಗಂಟು ಗಂಟಾಗಿ ನೋಯೋ ಮೊಡವಿ, ಕುಳಿ ಬೀಳೋ ಮೊಡವಿ, ಹೆಣ್ಮಕ್ಕಳಿಗೆ ಮುಟ್ಟಿನ ಏರುಪೇರಿನ ಜೊತೆ ಬರೋ ಮೊಡವಿಗೆ ಕಡ್ಲಿಹಿಟ್ಟು ಸಾಲದು. ರಾಯಚೂರಿನ ರಿಮ್ಸ್ ಸರ್ಕಾರಿ ಆಸ್ಪತ್ರೆಯೇ, ಅಲ್ಲಿ ಚರ್ಮದ ವಿಭಾಗ ಇದೆ. ಡಾಕ್ಟರು ಸಾಮಾನ್ಯವಾಗಿ ಬರೆಯೋ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ ದುಬಾರಿ ಏನಲ್ಲ. 2.5 ಪರ್ಸೆಂಟಿನಿಂದ ಶುರು ಮಾಡಿದ್ರೆ ಉರಿ ಕಡಿಮೆ. ದಿಂಬಿನ ಬಟ್ಟೆ ಬಣ್ಣ ಹೋಗುತ್ತೆ, ಹಳೇದು ಹಾಕಿಕೊಳ್ಳಿ. ಆರರಿಂದ ಎಂಟು ವಾರ ಕಾಯಬೇಕು. ವಾರದಲ್ಲಿ ಗುಣ ಅನ್ನೋರನ್ನ ನಂಬಬೇಡಿ.

ಇನ್ನೊಂದು ಮಾತು. ಪಕ್ಕದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಜನರ ಚರ್ಮದ ಮೇಲೆ ಎದ್ದ ಕಲೆ, ಗಂಟುಗಳಿಗೆ ಕಾರಣ ಬೋರ್‌ವೆಲ್ ನೀರಿನ ಆರ್ಸೆನಿಕ್ ಅಂತ ಪತ್ತೆಯಾಗಿತ್ತು. ಅದು ಹಳೇ ಚಿನ್ನದ ಗಣಿ ಸೀಮೆ. ಹಟ್ಟಿ ಚಿನ್ನದ ಗಣಿ ಇರೋದು ನಮ್ಮ ಜಿಲ್ಲೆಯಲ್ಲೇ. ಅಂಗೈ, ಅಂಗಾಲು ಗಟ್ಟಿಯಾಗಿ, ಮೈಮೇಲೆ ಮಳೆಹನಿ ಬಿದ್ದಂಥ ಚುಕ್ಕಿ ಎದ್ದು, ಅಕ್ಕಪಕ್ಕದ ಮನೆಯವರಿಗೂ ಅದೇ ಇದ್ರೆ ಅರಿಷಿಣ ಹಚ್ಚುತ್ತಾ ಕೂಡಬೇಡಿ, ನೀರು ಪರೀಕ್ಷೆ ಮಾಡಿಸಿ.

ಮತ್ತೆ, ನಿಮ್ಮ ಮನೆ ಕಪಾಟಿನಲ್ಲಿ ಯಾವುದಾದ್ರೂ ಟ್ಯೂಬು ಇದ್ರೆ ಇವತ್ತೇ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಇದ್ರೆ ಅದು ಸ್ನೋ ಅಲ್ಲ. ದಿನಾ ಹಚ್ಚುತ್ತಿದ್ರೆ ಟ್ಯೂಬನ್ನೂ ಕೈಯಲ್ಲಿ ಹಿಡ್ಕೊಂಡು ಡಾಕ್ಟರ ಹತ್ತಿರ ಹೋಗಿ.