ಬಾಟಲಿಗೆ ಗೂನಿಲ್ಲ

ಕುಣಿಮಗ್ಗದಲ್ಲಿ ನಲವತ್ತು ವರ್ಷ ಕೂತವರ ಕುತ್ತಿಗೆ ನೆಟ್ಟಗೆ ಉಳಿಯುವುದು ಕಷ್ಟ. ಇಳಕಲ್ಲಿನ ಆ ಹಿರಿಯ ನೇಕಾರರದೂ ಅಷ್ಟೇ; ಮಲಗಿದರೂ ಗದ್ದ ಎದೆಯ ಕಡೆಗೇ. ಕೈ ಜೋಮು ಹಿಡಿಯತೊಡಗಿದಾಗ ವೈದ್ಯರು ಎಂಆರ್‌ಐ ಬರೆದುಕೊಟ್ಟರು. ಬೆಂಗಳೂರಿನಿಂದ ಮಗ ಬಂದು ಬಾಗಲಕೋಟೆಗೆ ಕರೆದೊಯ್ದ. ಅವನ ಉದ್ಯೋಗವೇ ಎಂಆರ್‌ಐ ಕಾಯಿಲ್‌ಗಳ ವಿನ್ಯಾಸ.

ಕಾಯಿಲ್ ದೊಡ್ಡ ಗುಟ್ಟೇನಲ್ಲ. ತಾಮ್ರದ ಬಳೆ, ಅದಕ್ಕೊಂದಿಷ್ಟು ಕೆಪಾಸಿಟರ್. ಧಾರವಾಡ ಆಕಾಶವಾಣಿ ಹಿಡಿಯಲು ಮಗ್ಗದ ಮನೆಯಲ್ಲಿ ಟ್ರಾನ್ಸಿಸ್ಟರಿನ ಕಿವಿ ತಿರುವುತ್ತಿದ್ದರಲ್ಲ, ಅದೇ ಲೆಕ್ಕ. 1.5 ಟೆಸ್ಲಾ ಅಯಸ್ಕಾಂತದೊಳಗೆ ಮೈಯ ನೀರಿನಲ್ಲಿರುವ ಹೈಡ್ರೋಜನ್ ಸುಮಾರು 64 ಮೆಗಾಹರ್ಟ್ಸ್‌ನಲ್ಲಿ ಪಿಸುಗುಟ್ಟುತ್ತದೆ. ಕಾಯಿಲ್ ಬೆರಳಗಲ ದೂರ ಸರಿದರೂ ಆ ದನಿ ಸೊರಗುತ್ತದೆ.

ಬಳೆ ದೊಡ್ಡದಾದರೆ ಇಡೀ ಮೈಯ ಗದ್ದಲ ಕೇಳುತ್ತದೆ. ಚಿಕ್ಕವನ್ನು ಸಾಲಾಗಿಟ್ಟರೆ ನೆರೆಯ ಬಳೆಗಳು ಒಂದಕ್ಕೊಂದು ಅಡ್ಡ ಬರುತ್ತವೆ. ವ್ಯಾಸದ ಸುಮಾರು ಕಾಲು ಭಾಗ ಒಂದರ ಮೇಲೊಂದು ಬರುವಂತೆ ಜೋಡಿಸಿದರೆ ಆ ಜಗಳ ತೀರುತ್ತದೆಂದು 1990ರಲ್ಲಿ ಪೀಟರ್ ರೋಮರ್ ಮತ್ತು ಸಂಗಡಿಗರು ತೋರಿಸಿದರು. ಮಗ ಇದನ್ನು ವಿವರಿಸಿದಾಗ ತಂದೆಗೆ ಅಚ್ಚರಿಯೇನೂ ಆಗಲಿಲ್ಲ. ಒಡಲ ಹಾಸನ್ನು ಸೆರಗಿನ ಹಾಸಿಗೆ ಕುಣಿಕೆ ಹಾಕಿ ಕೂಡಿಸುವ ಊರು ಅವರದು. “ಹಂಗಾರ ನಮ್ಮ ಕೆಲಸಾನ ಮಾಡ್ತಿ ಅನ್ನು” ಎಂದರು.

ಸ್ಕ್ಯಾನಿಂಗ್ ಕೋಣೆಯಲ್ಲಿ ಕುತ್ತಿಗೆಯ ಗಟ್ಟಿ ಕಾಯಿಲ್ ಮುಚ್ಚಲೇ ಇಲ್ಲ. ನೆಟ್ಟಗೆ ಮಲಗಬಲ್ಲವರ ಅಳತೆಗೆ ಮಾಡಿದ ಪ್ಲಾಸ್ಟಿಕ್ ಚಿಪ್ಪು ಅದು. ತಂತ್ರಜ್ಞ ಮೆಲ್ಲಗೆ ಒತ್ತಿದ, ತಂದೆ ನರಳಿದರು. ಗಾಜಿನಾಚೆ ನಿಂತ ಮಗನ ಮುಖ ಸಣ್ಣದಾಯಿತು. ಅವನು ವರ್ಷಗಟ್ಟಲೆ ಟ್ಯೂನ್ ಮಾಡಿದ್ದು ಉಪ್ಪುನೀರಿನ ಬಾಟಲಿಯ ಮುಂದೆ. ಬಾಟಲಿಗೆ ಗೂನಿರುವುದಿಲ್ಲ.

ಕೊನೆಗೆ ತಲೆಗೆ ಎತ್ತರದ ದಿಂಬು ಕೊಟ್ಟು, ಮಫ್ಲರಿನಂತೆ ಸುತ್ತುವ ಮೆತ್ತನೆಯ ಕಾಯಿಲ್ ಹಾಕಿದರು. ತಂದೆ ಕೈಮುಗಿದು ಕಣ್ಣು ಮುಚ್ಚಿದರು. “ಅಜ್ಜಾರ, ಕೈ ಬಿಡ್ರಿ” ಎಂದು ತಂತ್ರಜ್ಞ ಎರಡೂ ಕೈ ಬೇರೆ ಮಾಡಿ ಪಕ್ಕಕ್ಕಿಟ್ಟ. ಕೂಡಿದ ಕೈಗಳೂ ಒಂದು ಬಳೆಯೇ. ರೇಡಿಯೊ ಅಲೆ ಅದರಲ್ಲಿ ವಿದ್ಯುತ್ ಹರಿಸಿ ಚರ್ಮ ಸುಡಬಹುದು. ದೇವರಿಗೆ ಕೈಮುಗಿಯಲೂ ಬಿಡದ ಯಂತ್ರ!

ಚಿತ್ರ ತೀರಾ ಚೆಂದವೇನಿರಲಿಲ್ಲ. ನರ ಅದುಮಿರುವ ಜಾಗ ಮಾತ್ರ ಕಂಡಿತು, ವೈದ್ಯರಿಗೆ ಅಷ್ಟು ಸಾಕಾಯಿತು.

ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಸಂಸ್ಥೆ ಎಂಆರ್‌ಐ ಯಂತ್ರವನ್ನೇ ಈಗ ಇಲ್ಲಿ ಕಟ್ಟಿದೆ. ಚಿಪ್ಪಿನ ಅಚ್ಚಿಗೆ ಯಾರ ಕುತ್ತಿಗೆ ಎಂಬ ಪ್ರಶ್ನೆಯನ್ನೂ ಇಲ್ಲಿಯೇ ಕೇಳಬಹುದು. ಊರು ಬಿಡುವ ಮುನ್ನ ಮಗ ತಾಯಿಯ ಹೊಲಿಗೆ ಟೇಪು ಹಿಡಿದು ತಂದೆಯ ಗದ್ದದಿಂದ ಎದೆಯವರೆಗೆ ಅಳೆದುಕೊಂಡ. ಆಮೇಲೆ ಅದೇ ಓಣಿಯ ಇನ್ನೂ ಮೂವರು ನೇಕಾರರನ್ನು ಕಟ್ಟೆಯ ಮೇಲೆ ಅಂಗಾತ ಮಲಗಿಸಿ ಅಳೆದ.